ಮೈ ಯಾರದು? ಭಯ ಯಾರದು?

ನಮ್ಮ ವಿಮರ್ಶಕರಿಗೆ ಕೆಲವು ಪುಸ್ತಕಗಳು ಅಸ್ಪೃಶ್ಯ. ರಾಜಾಜಿನಗರ, ವಿಜಯನಗರದ ಹಳೇ ಪುಸ್ತಕದ ರಾಶಿ ಕೆದಕಿದರೆ ಸಿಗೋದು ದಾಂಪತ್ಯದ ಕಿವಿಮಾತು, ಆಸ್ಪತ್ರೆಯ ರೋಚಕ ಕಾದಂಬರಿ, ದೆವ್ವದ ಕತೆ, ಚಿತ್ರಕಥೆ. ಪಂಡಿತರು ಇವನ್ನು ಮೂಸಿಯೂ ನೋಡುವುದಿಲ್ಲ. ಜನ ಮಾತ್ರ ಇವನ್ನೇ ಓದುತ್ತಾರೆ. ಆದ್ದರಿಂದ ನಾವು ಇವಕ್ಕೆ ನೇರವಾಗಿ ಕೇಳುತ್ತೇವೆ: ಇಲ್ಲಿ ಮೈ ಯಾರದು? ಭಯ ಯಾರದು?

ಮೊದಲು ದಾಂಪತ್ಯ. ಡಾ. ಅನುಪಮಾ ನಿರಂಜನ (1934–1991) ‘ದಾಂಪತ್ಯ ದೀಪಿಕೆ’, ‘ಕೇಳು ಕಿಶೋರಿ’ ಬರೆದರು. ಮುಟ್ಟಾದವಳನ್ನು ಹೊರಗೆ ಕೂರಿಸುವ ಸಮಾಜದಲ್ಲಿ ಹೆಣ್ಣಿನ ಮೈಯ ಸಂಗತಿಯನ್ನು ವೈದ್ಯೆಯೊಬ್ಬರು ಕನ್ನಡದಲ್ಲೇ ಬಿಡಿಸಿ ಹೇಳಿದ್ದು ಸಣ್ಣ ಕೆಲಸವಲ್ಲ. ಆದರೆ ಅವರ ಹಿಂದೆ ಸಾಲುಗಟ್ಟಿ ಬಂದ ಸಲಹೆಯ ಪುಸ್ತಕಗಳನ್ನು ನೋಡಿ. ಗಂಡಹೆಂಡಿರಿಗೆ ಬೇರೆ ಕೋಣೆ ಇದೆ, ಬಾಗಿಲಿಗೆ ಚಿಲಕ ಇದೆ ಅಂತ ನಂಬಿಕೊಂಡೇ ಅವು ಮಾತು ಶುರು ಮಾಡುತ್ತವೆ. ಮಾಗಡಿ ರಸ್ತೆಯ ವಠಾರದಲ್ಲಿ ಒಂದೇ ಕೋಣೆಯಲ್ಲಿ ಅತ್ತೆ, ಮಾವ, ಮಕ್ಕಳ ನಡುವೆ ಮಲಗುವವರಿಗೆ ಈ ಪುಸ್ತಕ ಏನು ಹೇಳುತ್ತೆ? ಗಾರ್ಮೆಂಟ್ಸ್‌ನಲ್ಲಿ ದಿನವೆಲ್ಲ ದುಡಿದು ಬಂದವಳಿಗೆ ‘ಗಂಡನ ಮನಸ್ಸರಿತು ನಡೆ’ ಅನ್ನೋ ಪುಸ್ತಕ, ‘ಇವತ್ತು ಬೇಡ’ ಅನ್ನುವ ಹಕ್ಕು ಅವಳಿಗಿದೆ ಅಂತ ಯಾಕೆ ಹೇಳುವುದಿಲ್ಲ? ಜಾತಿ ಮೀರಿ ಪ್ರೀತಿಸಿದವರನ್ನು ಹೆತ್ತವರೇ ಕೊಲ್ಲುವ ನಾಡಿನಲ್ಲಿ ಜಾತಿಯ ಹೆಸರೆತ್ತದ ಪ್ರೇಮದ ಸಲಹೆ ಅರ್ಧ ಸುಳ್ಳು.

ಇನ್ನು ಆಸ್ಪತ್ರೆ. ಅಮೆರಿಕದ ವೈದ್ಯ ರಾಬಿನ್ ಕುಕ್ 1977ರಲ್ಲಿ ‘ಕೋಮಾ’ ಬರೆದು ಈ ಬಗೆಯ ಕಾದಂಬರಿಗಳಿಗೆ ದೊಡ್ಡ ಮಾರುಕಟ್ಟೆ ಹುಟ್ಟಿಸಿದ. ಅಲ್ಲಿ ರೋಗಿಯನ್ನು ಪ್ರಜ್ಞೆ ತಪ್ಪಿಸಿ ಅಂಗಾಂಗ ಕದಿಯುತ್ತಾರೆ. ನಮ್ಮಲ್ಲಿ ಅಷ್ಟು ಕಷ್ಟವೇ ಬೇಕಿರಲಿಲ್ಲ. ಸಾಲ ತೀರಿಸಲು ಬಡವರು ಎಚ್ಚರವಿದ್ದೇ ಮೂತ್ರಪಿಂಡ ಮಾರಿದರು. ಆ ವ್ಯಾಪಾರವನ್ನು ನಿಷೇಧಿಸಲು 1994ರಲ್ಲಿ ಕಾನೂನು ಬರಬೇಕಾಯಿತು. ಕಲಬುರಗಿ ಜಿಲ್ಲೆಯಲ್ಲಿ 2015ರಲ್ಲಿ ಬಯಲಾದದ್ದು ಇನ್ನೂ ಘೋರ. ಹೊಟ್ಟೆನೋವು, ಸೊಂಟನೋವು ಅಂತ ಹೋದ ಲಂಬಾಣಿ, ದಲಿತ ಹೆಣ್ಣುಮಕ್ಕಳ ಗರ್ಭಕೋಶವನ್ನೇ ತೆಗೆದು ಕಳಿಸಿದ್ದರು. ಎಷ್ಟೋ ಮಂದಿಗೆ ನಲವತ್ತೂ ತುಂಬಿರಲಿಲ್ಲ. 2017ರಲ್ಲಿ ಆ ತಾಯಂದಿರು ಬೀದಿಗಿಳಿದು ನ್ಯಾಯ ಕೇಳಿದರು. ಗುರುದಕ್ಷಿಣೆಯ ಕುದುರೆಗಳಿಗಾಗಿ ಒಬ್ಬಳ ಗರ್ಭವನ್ನು ರಾಜರಿಗೆ ಬಾಡಿಗೆ ಕೊಟ್ಟ ಮಹಾಭಾರತದ ಕತೆಯನ್ನು ಅನುಪಮಾ ‘ಮಾಧವಿ’ ಮಾಡಿದ್ದರು. ಕಲಬುರಗಿಯ ಮಾಧವಿಯರನ್ನು ಯಾವ ರೋಚಕ ಕಾದಂಬರಿ ನಾಯಕಿಯಾಗಿಸೀತು?

ದೆವ್ವದ ಕತೆಗೆ ಬರೋಣ. ಯಂಡಮೂರಿ ವೀರೇಂದ್ರನಾಥರ ‘ತುಳಸಿದಳ’ ತೆಲುಗಿನಿಂದ ಕನ್ನಡಕ್ಕೆ ಬಂದು ಮನೆಮನೆಯಲ್ಲಿ ನಿದ್ದೆ ಕೆಡಿಸಿತು. ಅದರ ಕಟ್ಟೋಣ ಬಿಗಿ, ಒಪ್ಪುತ್ತೇವೆ. ಆದರೆ ಈ ಬಗೆಯ ಕತೆಗಳಲ್ಲಿ ಮಾಟಗಾರ ಎಲ್ಲಿಂದ ಬರುತ್ತಾನೆ ನೋಡಿ: ಕಾಡಿನಿಂದ, ಸ್ಮಶಾನದಿಂದ, ಊರಾಚೆಯಿಂದ. ಭಯಪಡುವುದು ಬಂಗಲೆಯವರು! ಊರ ಹೊರಗೆ ಇಟ್ಟವರೇ ಹೊರಗಿನವನನ್ನು ಕಂಡು ನಡುಗುತ್ತಾರೆ. ಕೆಂಗೇರಿ ದಾರಿಯ ಜ್ಞಾನಭಾರತಿ ಇರುವ ಬೆಂಗಳೂರು ವಿಶ್ವವಿದ್ಯಾಲಯದ ಕುಲಪತಿಯಾಗಿದ್ದ ಎಚ್. ನರಸಿಂಹಯ್ಯ 1976ರಲ್ಲಿ ಸಮಿತಿ ಮಾಡಿ, ಪವಾಡಗಳನ್ನು ಪರೀಕ್ಷೆಗೆ ಒಡ್ಡಿ ಅಂತ ಸವಾಲು ಹಾಕಿದರು. ಅಮಾನವೀಯ ಆಚರಣೆ, ಮಾಟಮಂತ್ರದ ವಿರುದ್ಧದ ಕಾನೂನು ಸಿಗಲು ನಾವು 2017ರ ತನಕ ಕಾಯಬೇಕಾಯಿತು. ದೆವ್ವವಿಲ್ಲದ ಭಯಾನಕ ಕತೆ ಬೇಕೆ? 2000ದ ಮಾರ್ಚ್ 11, ಕಂಬಾಲಪಲ್ಲಿ. ಏಳು ಮಂದಿ ದಲಿತರನ್ನು ಜೀವಂತ ಸುಟ್ಟರು. 2006ರಲ್ಲಿ ವಿಚಾರಣಾ ನ್ಯಾಯಾಲಯ ಆರೋಪಿಗಳನ್ನು ಖುಲಾಸೆ ಮಾಡಿತು. ಹಾಗಾದರೆ ಸುಟ್ಟದ್ದು ದೆವ್ವವೆ?

ಚಿತ್ರಕಥೆಯಲ್ಲಿ ಮಾತ್ರ ನಮಗೊಂದು ದಾರಿ ಕಂಡಿದೆ. ಅಮರ ಚಿತ್ರ ಕಥೆ 1979ರಲ್ಲಿ ಅಂಬೇಡ್ಕರರನ್ನು ತಂದಿತು, ಆದರೆ ದೇವರು ರಾಜರನ್ನು ಕೂರಿಸಿದ ಅದೇ ಚೌಕಗಳಲ್ಲಿ. 2011ರ ‘ಭೀಮಾಯಣ’ದಲ್ಲಿ ಗೊಂಡ ಕಲಾವಿದರಾದ ದುರ್ಗಾಬಾಯಿ ವ್ಯಾಮ್, ಸುಭಾಷ್ ವ್ಯಾಮ್ ಆ ಚೌಕಗಳನ್ನೇ ಒಡೆದರು. ನೊಂದವರ ಮಾತು ಹಕ್ಕಿಯ ಆಕಾರದಲ್ಲಿದೆ. ಜಾತಿಯ ವಿಷ ಕಾರುವ ಮಾತಿಗೆ ಚೇಳಿನ ಕೊಂಡಿ. ನೀರು ಕೇಳಿದ ಹುಡುಗನ ದಾಹ ಅಕ್ಷರ ಬಾರದವರಿಗೂ ತಿಳಿಯುತ್ತದೆ. ಕಲೆ ಅಂದರೆ ಇದು.

ಹಳ್ಳಿಯ ಮೇಷ್ಟ್ರುಗಳೆ, ವಿದ್ಯಾರ್ಥಿ ಗೆಳೆಯರೆ, ಈ ಪುಸ್ತಕಗಳನ್ನು ಮಕ್ಕಳ ಕೈಯಿಂದ ಕಿತ್ತುಕೊಳ್ಳಬೇಡಿ. ಜೊತೆಗೆ ಕೂತು ಓದಿ. ಮಾಟಗಾರನ ಜಾತಿ ಕೇಳಿ, ರೋಗಿಯ ಕೂಲಿ ಕೇಳಿ, ಹೆಂಡತಿಯ ಇಷ್ಟ ಕೇಳಿ. ಉತ್ತರ ಇಲ್ಲದ ಪುಸ್ತಕದ ಜಾಗದಲ್ಲಿ ಹೊಸದನ್ನು ನಮ್ಮ ಹುಡುಗ ಹುಡುಗಿಯರೇ ಬರೆಯಲಿ. ಲಂಬಾಣಿ ತಾಂಡಾದ ಆ ತಾಯಂದಿರಿಗೆ ಅಷ್ಟಾದರೂ ಸಲ್ಲಬೇಕು.