ಐದು ಚೌಕಗಳ ಒಗಟು ಮತ್ತು ನಮ್ಮ ಅಕ್ಷರ

ದಿನಕ್ಕೊಂದು ಗುಟ್ಟಿನ ಪದ. ಅದಕ್ಕೆ ಐದು ಇಂಗ್ಲಿಷ್ ಅಕ್ಷರ. ಕಂಡುಹಿಡಿಯಲು ಆರು ಅವಕಾಶ. ಅಕ್ಷರವೂ ಸ್ಥಾನವೂ ಸರಿಯಾದರೆ ಹಸಿರು, ಅಕ್ಷರವಿದ್ದು ಸ್ಥಾನ ತಪ್ಪಿದರೆ ಹಳದಿ, ಅಕ್ಷರವೇ ಇಲ್ಲದಿದ್ದರೆ ಬೂದಿ ಬಣ್ಣ. ಜಾಷ್ ವಾರ್ಡಲ್ ಎಂಬಾತ 2021ರ ಅಕ್ಟೋಬರಿನಲ್ಲಿ ಲೋಕಕ್ಕೆ ಬಿಟ್ಟ ಈ ‘ವರ್ಡಲ್’ ಆಟವನ್ನು 2022ರ ಜನವರಿ ಕೊನೆಯಲ್ಲಿ ನ್ಯೂಯಾರ್ಕ್ ಟೈಮ್ಸ್ ಪತ್ರಿಕೆ ಕೊಂಡುಕೊಂಡಿತು. ಮುನಿರ್ಕಾ, ರಾಮಕೃಷ್ಣಪುರಂ ಕಡೆಯ ನಮ್ಮ ಮನೆಗಳಲ್ಲಿಯೂ ಬೆಳಗಿನ ಕಾಫಿಯೊಡನೆ ಇದನ್ನು ಬಿಡಿಸುವವರು ಕಡಿಮೆಯೇನಲ್ಲ. ಆದ್ದರಿಂದ ಇದನ್ನು ಬಿಡಿಸುವ ಉಪಾಯಗಳನ್ನೂ, ಆ ಉಪಾಯಗಳು ಕನ್ನಡಕ್ಕೆ ಒಗ್ಗುತ್ತವೆಯೇ ಎಂಬುದನ್ನೂ ಸ್ವಲ್ಪ ವಿಮರ್ಶಿಸುವುದು ಅನುಚಿತವಾಗಲಾರದು.

ಮೊದಲ ಸಾಲಿಗೆ ‘ಅಡ್ಯೂ’ ಎಂಬ ಪದವನ್ನು ಹಾಕುವವರು ಬಹಳ ಮಂದಿ. ಎ, ಐ, ಇ, ಯು ಎಂಬ ನಾಲ್ಕು ಸ್ವರಗಳನ್ನು ಒಂದೇ ಏಟಿಗೆ ಪರೀಕ್ಷಿಸಬಹುದೆಂಬುದು ಅವರ ವಾದ. ವಾದ ಆಕರ್ಷಕ, ಫಲ ಅಲ್ಪ. ಇಂಗ್ಲಿಷ್ ಪದದ ಎಲುಬುಗೂಡು ಇರುವುದು ವ್ಯಂಜನಗಳಲ್ಲಿ. ಸ್ವರಗಳೆಲ್ಲ ಗೊತ್ತಾದ ಮೇಲೂ ಹಲವಾರು ಪದಗಳು ಉಳಿದುಬಿಡುತ್ತವೆ. 2022ರಲ್ಲಿ ಎಂ.ಐ.ಟಿ.ಯ ಬರ್ಟ್ಸಿಮಾಸ್ ಮತ್ತು ಪಾಸ್ಕೋವ್ ಗಣಿತದಿಂದ ಸಾಧಿಸಿದ ಉತ್ತಮ ಆರಂಭಪದ ‘ಸ್ಯಾಲೆಟ್’. ಅದರಲ್ಲಿ ಎಸ್, ಎಲ್, ಟಿ ಎಂಬ ಮೂರು ವ್ಯಂಜನಗಳೂ ಎರಡೇ ಸ್ವರಗಳೂ ಇವೆ. ಅಲ್ಲಿಂದ ಹೊರಟು ಮುಂದೆಯೂ ತಪ್ಪದೆ ಆಡಿದರೆ ಸರಾಸರಿ 3.421 ಊಹೆಗಳಲ್ಲಿ ಪದ ಸಿಕ್ಕುತ್ತದಂತೆ. ಅದು ಹಿಂದಿನ ಕಾಲದ ಒಂದು ಶಿರಸ್ತ್ರಾಣದ ಹೆಸರು. ಅರ್ಥ ತಿಳಿಯದ ಪದವನ್ನು ದಿನವೂ ಮಂತ್ರದಂತೆ ಬರೆಯುವುದರಲ್ಲಿ ಏನು ಸ್ವಾರಸ್ಯವೋ ನಾನರಿಯೆ.

ನಿಜವಾದ ಜಾಣತನ ಬೇಕಾಗುವುದು ನಡುಸಾಲುಗಳಲ್ಲಿ. ಎ-ಟಿ-ಸಿ-ಎಚ್ ಎಂಬ ಬಾಲ ಹಸಿರಾಗಿ ಕುಳಿತಿತೆನ್ನಿ. ಕ್ಯಾಚ್, ಮ್ಯಾಚ್, ಬ್ಯಾಚ್, ಲ್ಯಾಚ್, ಪ್ಯಾಚ್, ವಾಚ್, ಹ್ಯಾಚ್—ಏಳು ಪದಗಳು ಬಾಗಿಲಲ್ಲಿ ನಿಂತಿವೆ. ಒಂದೊಂದಾಗಿ ಬಡಿಯುತ್ತ ಹೋದವನು ಸೋಲುತ್ತಾನೆ. ‘ಕ್ಲೈಂಬ್’ ಎಂದು ಬರೆದವನು ಒಂದು ಸಾಲನ್ನು ಬೇಕೆಂದೇ ಕಳೆದುಕೊಂಡು ಸಿ, ಎಲ್, ಎಂ, ಬಿ ನಾಲ್ಕನ್ನೂ ಒಮ್ಮೆಗೇ ವಿಚಾರಿಸಿಕೊಳ್ಳುತ್ತಾನೆ. ಗೆಲ್ಲಲಾರದ ಪದವನ್ನು ತಿಳಿದೂ ಬರೆಯುವ ಈ ಯುಕ್ತಿಯೇ, ನನ್ನ ಮಟ್ಟಿಗೆ, ಈ ಆಟದ ಅತಿ ಸುಂದರವಾದ ಭಾಗ.

ಇನ್ನು ಕನ್ನಡದ ಮಾತು. ಇಂಗ್ಲಿಷಿನ ಐದು ಚೌಕಗಳನ್ನು ಹಾಗೆಯೇ ಎತ್ತಿ ತಂದು ಕನ್ನಡವನ್ನು ತುಂಬಿದರೆ ಆಟ ಕೆಡುತ್ತದೆ. ಏಕೆಂದರೆ ಅಕ್ಷರವೆಂಬುದೇ ಎರಡು ಕಡೆ ಎರಡು ವಸ್ತು. ನಮ್ಮ ಮುನಿರ್ಕಾವನ್ನೇ ನೋಡಿ: ಇಂಗ್ಲಿಷಿನಲ್ಲಿ ಏಳು ಅಕ್ಷರ, ಹಿಂದಿಯಲ್ಲಿ ನಾಲ್ಕು, ಕನ್ನಡದಲ್ಲಿ ಮು-ನಿ-ರ್ಕಾ ಎಂದು ಮೂರೇ. ಮೂವತ್ತನಾಲ್ಕು ವ್ಯಂಜನಗಳಿಗೆ ಕಾಗುಣಿತ ಹಚ್ಚಿದರೆ ಒತ್ತಕ್ಷರಗಳನ್ನು ಬಿಟ್ಟೂ ಸಂಖ್ಯೆ ನಾನೂರನ್ನು ದಾಟುತ್ತದೆ. ಆರು ಸಾಲು ತುಂಬಿದರೂ ಪರೀಕ್ಷೆಗೆ ಸಿಕ್ಕುವುದು ಮೂವತ್ತು. ‘ಕ’ ಬೂದಿಯಾಯಿತೆಂದರೆ ‘ಕಿ’, ‘ಕು’, ‘ಕೆ’ಗಳ ಗತಿಯೇನು? ಸ್ವರವನ್ನು ಮೊದಲು ಹುಡುಕುವ ಉಪಾಯವಂತೂ ಇಲ್ಲಿ ನಿರರ್ಥಕ. ಬಿಡಿ ಸ್ವರಕ್ಕೆ ನಮ್ಮಲ್ಲಿ ಸಾಮಾನ್ಯವಾಗಿ ಮೊದಲ ಚೌಕದಲ್ಲಿ ಮಾತ್ರ ಮಣೆ.

ಪರಿಹಾರ ನಮ್ಮ ಛಂದಸ್ಸಿನಲ್ಲಿಯೇ ಇದೆ. ಕವಿರಾಜಮಾರ್ಗದ ಕಾಲದಿಂದಲೂ ಕನ್ನಡಿಗರು ಆದರಿಸಿಕೊಂಡು ಬಂದ ಆದಿಪ್ರಾಸದಲ್ಲಿ ಎರಡನೆಯ ಅಕ್ಷರದ ವ್ಯಂಜನ ಒಂದಾದರೆ ಸಾಕು, ಅದರ ಮೇಲಿನ ಸ್ವರ ಬೇರೆಯಾಗಬಹುದು. ‘ಕಾಡು’, ‘ನೋಡಿ’ ಎರಡೂ ನಮ್ಮ ಕಿವಿಗೆ ಪ್ರಾಸ. ಇದೇ ನ್ಯಾಯವನ್ನು ಆಟಕ್ಕೂ ಅನ್ವಯಿಸಿ, ವ್ಯಂಜನ ಸರಿ ಗುಣಿತ ತಪ್ಪು ಎಂದಾಗ ನೀಲಿಯಂಥ ಇನ್ನೊಂದು ಬಣ್ಣ ಕೊಡಬೇಕು. ಆಗ ಕನ್ನಡದ್ದೇ ಉಪಾಯಗಳು ತಲೆಯೆತ್ತುತ್ತವೆ. ಮೊದಲೆರಡು ಸಾಲುಗಳಲ್ಲಿ ಗುಣಿತದ ಚಿಂತೆ ಬಿಟ್ಟು ವ್ಯಂಜನಗಳನ್ನು ಹಿಡಿಯಬೇಕು. ಣ, ಳಗಳನ್ನು ಮೊದಲ ಚೌಕದಲ್ಲಿಟ್ಟು ಕಾಲ ಕಳೆಯಬಾರದು. ಮಹಾಪ್ರಾಣಗಳನ್ನು ಕೊನೆಗೆ ಉಳಿಸಿಕೊಳ್ಳಬೇಕು. ಕೊನೆಯ ಚೌಕಕ್ಕೆ ಉಕಾರ, ಎಕಾರಗಳನ್ನು ಮೊದಲು ಯೋಚಿಸಬೇಕು. ಹಳಗನ್ನಡದ ‘ಕಾಲ್’, ‘ಊರ್’ಗಳೆಲ್ಲ ಉಕಾರ ತೊಟ್ಟು ‘ಕಾಲು’, ‘ಊರು’ ಆಗಿವೆಯಲ್ಲ!

ವಿಭಕ್ತಿರೂಪಗಳನ್ನು ಉತ್ತರವಾಗಿಡಲೇಬಾರದು. ‘ಮನೆಗಳಲ್ಲಿ’ ಎಂಬುದಕ್ಕೆ ಐದು ಚೌಕವೇನೋ ತುಂಬುತ್ತದೆ. ಆದರೆ ಕೊನೆಯ ಮೂರು ಚೌಕಗಳನ್ನು ಮಗುವೂ ಹೇಳೀತು. ಅಚ್ಚಗನ್ನಡದ ಬಿಡಿಪದಗಳು ಹೆಚ್ಚಾಗಿ ಎರಡು ಮೂರು ಅಕ್ಷರದವು. ನಾಲ್ಕು ಚೌಕ ನಮಗೆ ಹದವಾದ ಅಳತೆ. ಐದಕ್ಕೆ ಹೋದರೆ ಬಹುಮಟ್ಟಿಗೆ ಸಮಾಸಗಳೂ ಸಂಸ್ಕೃತಪದಗಳೂ ಬಂದು ಕೂರುತ್ತವೆ.

ಎಲ್ಲಕ್ಕಿಂತ ಕಷ್ಟದ ಕೆಲಸ ಪದಗಳನ್ನು ಜರಡಿ ಹಿಡಿಯುವುದು. ಇಂಗ್ಲಿಷ್ ಆಟದಲ್ಲಿ ಸುಮಾರು 12,000 ಪದಗಳಿಂದ ಪರಿಚಿತವಾದ 2,500ರಷ್ಟನ್ನು ಆರಿಸಿದವರು ವಾರ್ಡಲ್ ಅವರ ಸಂಗಾತಿ ಪಲಕ್ ಶಾ. ಒಬ್ಬರ ಪರಿಚಯ ಅಲ್ಲಿ ಸಾಕಾಯಿತು. ನಮ್ಮಲ್ಲಿ ಯಾರ ಪರಿಚಯ? ‘ಬದನೆಕಾಯಿ’ಯನ್ನು ತೆಗೆದುಕೊಳ್ಳಿ, ಸರಿಯಾಗಿ ಐದಕ್ಷರ. ಧಾರವಾಡದ ಕಡೆಯವರಿಗೆ ಅದು ‘ಬದನಿಕಾಯಿ’. ಐದೇ, ಗುಣಿತ ಬೇರೆ. ಮೈಸೂರು ಕಡೆಯ ಮಾತಿನಲ್ಲಿ ‘ಬದ್ನೇಕಾಯಿ’, ನಾಲ್ಕೇ ಅಕ್ಷರ. ದೆಹಲಿಯಲ್ಲಿ ಹುಟ್ಟಿ ಬೆಳೆದ ನಮ್ಮ ಮಕ್ಕಳಲ್ಲಿ ಅನೇಕರು ಕನ್ನಡವನ್ನು ಕಿವಿಯಿಂದ ಕಲಿತವರು, ಕಣ್ಣಿನಿಂದಲ್ಲ. ಅಡುಗೆಮನೆಯಲ್ಲಿ ಕೇಳಿದ್ದನ್ನು ಬರೆದರೆ ಆಟ ಅವರನ್ನು ‘ಇಂಥ ಪದವಿಲ್ಲ’ ಎಂದು ಹೊರಗೆ ಹಾಕುತ್ತದೆ. ಕನ್ನಡ ಬಲ್ಲೆನೆಂದು ಕೂತ ಹುಡುಗಿ ತನಗೆ ಕನ್ನಡ ಬಾರದೆಂದು ತೀರ್ಮಾನಿಸಿ ಏಳಲು ಅಂಥ ಎರಡು ಮಾತು ಸಾಕು.

ಉತ್ತರವಾಗಿ ಗ್ರಂಥರೂಪ ಒಂದೇ ಇರಲಿ. ಊಹೆಯ ಸಾಲಿನಲ್ಲಿ ‘ಬದನಿಕಾಯಿ’ಗೂ ಪ್ರವೇಶವಿರಲಿ. ‘ಬದ್ನೇಕಾಯಿ’ ಬರೆದವರಿಗೆ ಒಂದು ಚೌಕ ಕಡಿಮೆ ಬಿತ್ತೆಂದು ತಿಳಿಸಿ, ಆ ಸಾಲನ್ನು ಲೆಕ್ಕಕ್ಕೆ ಹಿಡಿಯದಿರಲಿ. ಮೂರನೆಯ ಚೌಕ ನೀಲಿಯಾದಾಗ ಅದು ‘ನಿ’ಯೋ ‘ನೆ’ಯೋ ಎಂಬುದನ್ನು ಅಜ್ಜಿ ಮೊಮ್ಮಗಳು ಕೂತು ಬಗೆಹರಿಸಿಕೊಳ್ಳುತ್ತಾರೆ.