ಉಣ್ಣೆಗೆ ಮನೆಬಣ್ಣ: ಒಂದು ತಕರಾರು

ಅಡುಗೆಮನೆಯ ಬಣ್ಣಗಳಿಗೆ ಈಚೆಗೆ ಬಂದಿರುವ ಹೆಸರು ಅವುಗಳ ಯೋಗ್ಯತೆಯನ್ನು ಮೀರಿದ್ದು. ಅರಿಶಿನ, ಬೀಟ್‌ರೂಟ್, ದಾಸವಾಳ ಇಷ್ಟಿದ್ದರೆ ಸಾಕು, ಹಳೆಯ ಸ್ವೆಟರ್ ಹೊಸದಾಗುತ್ತದೆ, ಕಾಸೂ ಖರ್ಚಾಗುವುದಿಲ್ಲ ಎಂದು ಪತ್ರಿಕೆಗಳ ಮಹಿಳಾ ಪುಟಗಳೂ ತರಬೇತಿ ಶಿಬಿರಗಳೂ ಹೇಳುತ್ತಲೇ ಬಂದಿವೆ. ಬೇರೆಲ್ಲೋ ಹೇಳಿದ್ದರೆ ಬಿಟ್ಟುಬಿಡಬಹುದಿತ್ತು. ಹರಪನಹಳ್ಳಿ, ಕೂಡ್ಲಿಗಿ, ಕೊಟ್ಟೂರು, ಹಗರಿಬೊಮ್ಮನಹಳ್ಳಿ, ಹಡಗಲಿ ಎಂದರೆ ಕುರಿಯ ಜೊತೆಗೇ ಬಾಳಿದ ಸೀಮೆ. ಚಿಗಟೇರಿಯಂಥ ಊರಿನ ಹೆಣ್ಣುಮಕ್ಕಳನ್ನು ಕೂರಿಸಿಕೊಂಡು ಪಾಠ ಹೇಳುವವರು ಉಣ್ಣೆಯ ಗುಣವನ್ನಾದರೂ ತಿಳಿದು ಹೇಳಬೇಕು.

ಪಾಠ ಎಲ್ಲ ಕಡೆ ಹೆಚ್ಚುಕಡಿಮೆ ಒಂದೇ. ಬಣ್ಣದ ವಸ್ತುವನ್ನು ಚೆನ್ನಾಗಿ ಕುದಿಸುವುದು, ಒಂದು ಹಿಡಿ ಉಪ್ಪು ಹಾಕುವುದು, ಬಟ್ಟೆ ಮುಳುಗಿಸಿ ಕೋಲಿನಿಂದ ತಿರುವುವುದು, ತಣ್ಣೀರಲ್ಲಿ ಜಾಲಿಸಿ ಹಿಂಡಿ ಬಿಸಿಲಿಗೆ ಹರವುವುದು. ಇದು ಹತ್ತಿಯ ಪಾಠ. ಉಣ್ಣೆಗೆ ಇದರ ಹೆಚ್ಚಿನ ಹೆಜ್ಜೆಗಳು ವಿರುದ್ಧ.

ಉಣ್ಣೆ ಎಂದರೆ ಕೂದಲು. ಅದರ ಮೈಮೇಲೆ ಕಣ್ಣಿಗೆ ಕಾಣದ ಹುರುಪೆಗಳಿವೆ. ಬಿಸಿನೀರಲ್ಲಿ ಆ ಹುರುಪೆಗಳು ತೆರೆದುಕೊಳ್ಳುತ್ತವೆ. ಆಗ ತಿರುವಿದರೆ ಒಂದೆಳೆ ಇನ್ನೊಂದನ್ನು ಕಚ್ಚುತ್ತದೆ, ಬಿಸಿಯಿಂದ ಒಮ್ಮೆಗೇ ತಣ್ಣೀರಿಗೆ ಹಾಕಿದರೆ ಕಚ್ಚಿದ್ದು ಬಿಗಿಯುತ್ತದೆ. ದೊಡ್ಡವರ ಸ್ವೆಟರ್ ಮಕ್ಕಳ ಅಳತೆಗೆ ಬಂದು, ಜಗ್ಗಿದರೂ ಬಿಡಿಸಲಾಗದಂತೆ ಗಟ್ಟಿಯಾಗುವುದು ಹೀಗೆ. ಉಣ್ಣೆಯನ್ನು ಕುದಿಸಬಾರದು. ಬೆಚ್ಚಗಿನ ನೀರಲ್ಲಿ ಮೊದಲೇ ನೆನೆಸಿ, ಪಾತ್ರೆಗಿಳಿಸಿ, ಸಣ್ಣ ಉರಿಯಲ್ಲಿ ಒಂದು ತಾಸು ಹಿಡಿದು ಶಾಖ ಏರಿಸಬೇಕು. ತಳದಲ್ಲಿ ಸಣ್ಣ ಗುಳ್ಳೆ ಏಳತೊಡಗಿದರೆ ಸಾಕು, 80–85 ಡಿಗ್ರಿ ಮುಟ್ಟಿತೆಂದೇ ಲೆಕ್ಕ. ಅಲ್ಲಿ ಮುಕ್ಕಾಲು ತಾಸು ನಿಲ್ಲಿಸಿ, ಆಗಾಗ ಮೆಲ್ಲಗೆ ಮಗುಚಿ, ಅದೇ ನೀರಿನಲ್ಲಿ ಬೆಳಗಿನವರೆಗೆ ಆರಲು ಬಿಡಬೇಕು. ಹಿಂಡುವ ಬದಲು ಟವೆಲ್ಲಿನಲ್ಲಿ ಸುತ್ತಿ ಒತ್ತಬೇಕು, ನೆರಳಲ್ಲಿ ಒಣಗಿಸಬೇಕು.

ಉಪ್ಪಿನ ಮೇಲಂತೂ ನನಗೆ ಸಿಟ್ಟಿದೆ. ಹತ್ತಿಗೆ ಕೆಲವು ಕಾರ್ಖಾನೆ ಬಣ್ಣ ಹಾಕುವಾಗ ಉಪ್ಪು ಬೇಕು, ನಿಜ. ಆದರೆ ಗಿಡದ ಬಣ್ಣವನ್ನು ಉಣ್ಣೆಗೆ ಕಚ್ಚಿಸುವ ಶಕ್ತಿ ಅದಕ್ಕಿಲ್ಲ. ಆ ಕೆಲಸ ಪಟಿಕದ್ದು. ನೂರು ಗ್ರಾಂ ಒಣ ಉಣ್ಣೆಗೆ 10–12 ಗ್ರಾಂ ಪಟಿಕ ಕರಗಿಸಿ, ಬಣ್ಣಕ್ಕೆ ಮೊದಲೇ, ಮೇಲೆ ಹೇಳಿದ ನಿಧಾನದಲ್ಲೇ ಕಾಯಿಸಿದರೆ ಅದರಲ್ಲಿರುವ ಅಲ್ಯುಮಿನಿಯಂ ಒಂದು ಕೈಯಲ್ಲಿ ಎಳೆಯನ್ನೂ ಇನ್ನೊಂದರಲ್ಲಿ ಬಣ್ಣವನ್ನೂ ಹಿಡಿದುಕೊಳ್ಳುತ್ತದೆ. ಯಾವ ಗ್ರಂಥಿಗೆ ಅಂಗಡಿಯಲ್ಲೂ ಸಿಗುವ, ಹೆಚ್ಚು ಬೆಲೆಯಿಲ್ಲದ ಈ ವಸ್ತುವಿನ ಹೆಸರೇ ಪಾಠದಲ್ಲಿ ಬರುವುದಿಲ್ಲ. ಬಂದರೂ ಉಪ್ಪಿನ ಜೊತೆ ‘ಬೇಕಿದ್ದರೆ’ ಎಂಬಂತೆ ಬರುತ್ತದೆ.

ಅರಿಶಿನ ಪಟಿಕವಿಲ್ಲದೆಯೂ ಹತ್ತುತ್ತದೆ. ಶಿಬಿರಗಳಿಗೆ ಅದು ಅಷ್ಟು ಪ್ರಿಯವಾಗಿರುವುದು ಇದೇ ಕಾರಣಕ್ಕೆ, ಮಧ್ಯಾಹ್ನದೊಳಗೆ ಫಲ ತೋರಿಸಬಹುದು. ಆ ನೂಲನ್ನು ರಟ್ಟಿಗೆ ಸುತ್ತಿ, ಅರ್ಧಕ್ಕೆ ಕಪ್ಪು ಬಟ್ಟೆ ಕಟ್ಟಿ ಮಾಳಿಗೆಯ ಮೇಲಿಡಿ. ನಮ್ಮ ಬಯಲುಸೀಮೆಯ ಬಿಸಿಲಿಗೆ ಒಂದು ವಾರ ಬೇಕಿಲ್ಲ. ಬಟ್ಟೆ ಬಿಚ್ಚಿದರೆ ನಡುವೆ ಗೆರೆ ಕೊರೆದಂತಿರುತ್ತದೆ: ಮುಚ್ಚಿದ ಕಡೆ ಹೊನ್ನಿನ ಹಳದಿ, ತೆರೆದ ಕಡೆ ಮಾಸಿದ ಕೆನೆ. ಸಾಬೂನು ತಗುಲಿದಲ್ಲಿ ಕೆಂಪು ಕಲೆ ಬೇರೆ. ಓಕುಳಿಗೆ ಅರಿಶಿನದ ಜೊತೆ ಸುಣ್ಣ ಕದಡುವವರಿಗೆ ಇದರ ಕಾರಣ ಹೇಳಬೇಕಿಲ್ಲ. ಬೀಟ್‌ರೂಟಿನ ಬಣ್ಣ ಕಾಯಿಸಿದಷ್ಟೂ ಕೆಡುತ್ತದೆ, ಉಳಿದದ್ದು ಒಗೆತಕ್ಕೆ ಹೋಗುತ್ತದೆ.

ಇವಕ್ಕೆ ಸಿಕ್ಕ ಹೊಗಳಿಕೆಯಲ್ಲಿ ಕಾಲುಭಾಗವಾದರೂ ಉಳ್ಳಾಗಡ್ಡಿ ಸಿಪ್ಪೆಗೆ ಸಲ್ಲಬೇಕಿತ್ತು. ಉಳ್ಳಾಗಡ್ಡಿ ಬೆಳೆಯುವ ಸೀಮೆ ಇದು. ಸಿಪ್ಪೆ ಕಸಕ್ಕೆ ಹೋಗುತ್ತದೆ. ಉಣ್ಣೆಯ ತೂಕದ ಅರ್ಧದಷ್ಟು ಒಣಸಿಪ್ಪೆ ಸಾಕು. ಸಿಪ್ಪೆಯನ್ನು ಬೇಕಾದಷ್ಟು ಕುದಿಸಿ, ಸೋಸಿ, ಆರಿಸಿ, ಪಟಿಕ ಹಿಡಿದ ಉಣ್ಣೆಯನ್ನು ಅದರಲ್ಲಿ ಬಿಸಿಮಾಡಿದರೆ ಕಂಚಿನ ಹಳದಿ ಬರುತ್ತದೆ. ಬಿಸಿಲಿಗೆ ಇದೂ ಮಾಸುತ್ತದೆ, ಆದರೆ ಅರಿಶಿನಕ್ಕಿಂತ ಬಹಳ ನಿಧಾನ, ಒಗೆತಕ್ಕೆ ಗಟ್ಟಿ. ಗುಡಿಯಲ್ಲಿ ಬಾಡಿದ ಚೆಂಡುಹೂವಿಗೂ ಇದೇ ಮಾತು. ಬೋರ್‌ವೆಲ್ಲಿನ ಗಡಸುನೀರಾದರೆ ಬಣ್ಣ ಮಂಕಾಗುತ್ತದೆ, ಮಳೆನೀರು ಹಿಡಿದಿಟ್ಟುಕೊಳ್ಳುವುದು ಲೇಸು. ಮಂಜಿಷ್ಠ, ಅರಗು ಇವು ಉಣ್ಣೆಗೆ ಒಳ್ಳೆಯ ಬಣ್ಣಗಳೇ, ಅಗ್ಗವಲ್ಲ. ನೀಲಿಯ ಕ್ಷಾರದ ತೊಟ್ಟಿ ಕೈ ತಪ್ಪಿದರೆ ಉಣ್ಣೆಯನ್ನೇ ತಿನ್ನುತ್ತದೆ.

ಸಹಜಬಣ್ಣದ ಪರ ಬರೆಯುವವರು ನನ್ನಂಥವರ ಬಾಯಿ ಮುಚ್ಚಿಸಲು ಎರಡು ಹೆಸರು ತರುತ್ತಾರೆ. ಒಂದು ಇಂಗ್ಲೆಂಡಿನ ವಿನ್ಯಾಸಕಾರ ವಿಲಿಯಂ ಮಾರಿಸ್, ಇನ್ನೊಂದು ಹೆಗ್ಗೋಡಿನ ಬಳಿ ಭೀಮನಕೋಣೆಯ ಕೈಮಗ್ಗದ ಸಂಸ್ಥೆ ಚರಕ. ಚರಕದವರು ಅಡಿಕೆ ಚೊಗರಿನಿಂದ ಮಾಡುವ ಬಣ್ಣದ ಬಗ್ಗೆ ನನಗೆ ಗೌರವವಿದೆ. ಅದು ಹತ್ತಿಯ ಮೇಲೆ, ಪಳಗಿದ ಕೈಗಳು ಮಾಡುವ ಕೆಲಸ. ಅದರ ಮಾನವನ್ನು ಎರವಲು ತಂದು ಬೀಟ್‌ರೂಟ್ ನೀರಿಗೆ ಹೊದಿಸುವುದು ಚರಕಕ್ಕೇ ಮಾಡುವ ಅನ್ಯಾಯ. ಮಾರಿಸ್ 1870ರ ದಶಕದಲ್ಲಿ ಲೀಕ್ ಎಂಬ ಊರಿನ ಥಾಮಸ್ ವಾರ್ಡ್ಲ್ ಅವರ ಬಣ್ಣದ ಕಾರ್ಖಾನೆಯಲ್ಲಿ ತಾವೇ ತೊಟ್ಟಿಗೆ ಕೈಯಿಟ್ಟು ಕಲಿತವರು. 1856ರಲ್ಲಿ ರಸಾಯನಶಾಸ್ತ್ರಜ್ಞ ಪರ್ಕಿನ್ ಕಂಡುಹಿಡಿದ ಕೃತಕ ಬಣ್ಣದ ಬೆನ್ನಿಗೆ ಬಂದ ಆನಿಲಿನ್ ಬಣ್ಣಗಳನ್ನು ಅವರು ಹಳಿದರು, ಅದಕ್ಕೆ ಒಂದು ಕಾರಣ ಅವು ಬೇಗ ಮಾಸಿ ವಿಕಾರವಾಗುತ್ತಿದ್ದದ್ದು. ಅದೇ ಅಳತೆಗೋಲಿನಲ್ಲಿ ಅಳೆದರೆ ಇವತ್ತು ಮೊದಲು ಸೋಲುವುದು ಅರಿಶಿನ. ಮಾರಿಸ್ ಹೆಸರು ಹೇಳುವವರು ಅವರ ಅಳತೆಗೋಲನ್ನೂ ಒಪ್ಪಬೇಕು.

ಕೇಸರಿಬಾತಿಗೆ ಹಾಕುವ ಹಳದಿ, ಕಿತ್ತಳೆ ಪುಡಿಯನ್ನು ಸಹಜಬಣ್ಣದ ಪರ ಬರೆಯುವ ಇವರೇ ‘ರಾಸಾಯನಿಕ’ ಎಂದು ಹೊರಗಿಡುತ್ತಾರೆ. ಪಟಿಕವೂ ರಾಸಾಯನಿಕವೇ. ಟಾರ್ಟ್ರಜಿನ್, ಸನ್‌ಸೆಟ್ ಯೆಲ್ಲೋ ಇವು ಹುಳಿಯಲ್ಲಿ ಉಣ್ಣೆಯನ್ನು ಹಿಡಿಯುವ ಬಣ್ಣಗಳು. ಒಂದು ಚಿಟಿಕೆ ಪುಡಿ, ಒಂದಿಷ್ಟು ವಿನೆಗರ್ ಅಥವಾ ನಿಂಬೆರಸ, ಅದೇ ಸಣ್ಣ ಉರಿ. ಉಣ್ಣೆ ಬಣ್ಣವನ್ನು ಹೀರುತ್ತ ಬಂದು ಪಾತ್ರೆಯ ನೀರು ತಿಳಿಯಾಗುತ್ತದೆ. 2024ರ ಮಾರ್ಚ್‌ನಲ್ಲಿ ನಮ್ಮ ಸರ್ಕಾರ ಗೋಬಿ ಮಂಚೂರಿಗೆ ಕೃತಕ ಬಣ್ಣ ಹಾಕುವುದನ್ನು ನಿಷೇಧಿಸಿತು, ಒಳ್ಳೆಯದಾಯಿತು. ತಟ್ಟೆಗೆ ಬೇಡವಾದ ಟಾರ್ಟ್ರಜಿನ್‌ಗೆ ಉಣ್ಣೆಯ ಮೇಲೆ ನ್ಯಾಯವಾದ ಜಾಗವಿದೆ. ಹಸಿರು ಛಾಯೆಗೆ ಮೈಲುತುತ್ತ ಹಾಕಿ ಎಂಬ ಸಲಹೆಯನ್ನು ಮಾತ್ರ ‘ಸಹಜ’ದ ಹೆಸರಿನಲ್ಲಿ ಹೇಗೆ ಕೊಡುತ್ತಾರೋ ತಿಳಿಯದು. ದಾಳಿಂಬೆ ತೋಟಕ್ಕೆ ಸಿಂಪಡಿಸುವ ವಿಷ ಅದು, ಅನ್ನದ ಪಾತ್ರೆಯ ಹತ್ತಿರ ಬರಬಾರದು.

ಇನ್ನು ಸ್ವೆಟರ್. ಚಳಿಗಾಲದಲ್ಲಿ ರಸ್ತೆಬದಿ ಮಾರುವ ಅಗ್ಗದ ಸ್ವೆಟರ್‌ಗಳಲ್ಲಿ ಬಹುಪಾಲು ಅಕ್ರಿಲಿಕ್. ಇಲ್ಲಿ ಹೇಳಿದ ಯಾವ ಬಣ್ಣವೂ ಅದಕ್ಕೆ ನಿಲ್ಲದು. ಒಂದೆಳೆ ಕಿತ್ತು ಸುಟ್ಟರೆ ಕೂದಲು ಕಮರಿದ ವಾಸನೆ ಬಂದು ಬೂದಿ ಪುಡಿಯಾಗಬೇಕು. ಕರಗಿ ಗಟ್ಟಿ ಮಣಿಯಾದರೆ ಅದು ಉಣ್ಣೆಯಲ್ಲ.

ಇಷ್ಟೆಲ್ಲ ಹೊಗಳುವವರ ಕಣ್ಣಿಗೆ ಕರಿ ಕಂಬಳಿ ಬೀಳದಿರುವುದೇ ನನ್ನ ದೊಡ್ಡ ಆಕ್ಷೇಪ. ಮೈಲಾರದ ಗೊರವಪ್ಪ ಹೊದೆಯುವ ಕರಿದು ಯಾವ ಪಾತ್ರೆಯಿಂದಲೂ ಬಂದದ್ದಲ್ಲ. ಕರಿ ಟಗರು ಆರಿಸಿ, ಕರಿ ಮರಿ ಉಳಿಸಿಕೊಂಡು, ಕುರುಬರು ತಲೆಮಾರುಗಳಿಂದ ಹಿಂಡಿನಲ್ಲೇ ಸಾಕಿಕೊಂಡು ಬಂದ ಬಣ್ಣ ಅದು. ಈಗ ಉಣ್ಣೆಗೆ ಬೆಲೆಯಿಲ್ಲ, ಮಾಂಸದ ತಳಿಗಳಿಗೆ ಬೇಡಿಕೆ. ಆ ಕರಿದು ಹಿಂಡಿನಿಂದಲೇ ಹೋಗುತ್ತಿದೆ. ಬಿಸಿಲಿಗೆ ಕೆಂಚಗಾದ ಕಂಬಳಿಯನ್ನು ಜಾಲಿಕಾಯಿ ಮತ್ತು ತುಕ್ಕುನೀರಲ್ಲಿ ಅದ್ದಿ ಮತ್ತೆ ಕಪ್ಪಾಗಿಸಬಹುದು, ಆದರೆ ಕಬ್ಬಿಣದ ಅಂಶ ಹೆಚ್ಚಾದರೆ ಎಳೆ ಒರಟಾಗಿ ಮುರಿಯುತ್ತದೆ. ಬಿಸಿನೀರಿಗೆ ಹಾಕಿದ ಕಂಬಳಿಯಿಂದ ಉಣ್ಣೆಯ ಜಿಡ್ಡೂ ನೇಯುವಾಗ ಹಚ್ಚಿದ ಹುಣಸೆಬೀಜದ ಸರಿಯೂ ಬಿಟ್ಟುಹೋಗುತ್ತವೆ. ಮಳೆ ತಡೆಯುತ್ತಿದ್ದದ್ದು ಅವೇ. ಬಣ್ಣ ಬೇಕೆನ್ನುವವರು ಕಂಬಳಿಯನ್ನು ಮುಟ್ಟದೆ, ಬಿಳಿ ಕುರಿಯ ನೂಲನ್ನು ಮಗ್ಗಕ್ಕೆ ಏರಿಸುವ ಮೊದಲೇ ಅದ್ದಲಿ. ಮುಂದಿನ ಶಿಬಿರಕ್ಕೆ ಬರುವವರು ಪಟಿಕ, ತಕ್ಕಡಿ, ಒಂದು ಚೀಲ ಉಳ್ಳಾಗಡ್ಡಿ ಸಿಪ್ಪೆ ತರಲಿ, ಜೊತೆಗೆ ಕಂಬಳಿ ನೇಯುವ ಒಬ್ಬರನ್ನು ಕರೆದು ಮುಂದಿನ ಸಾಲಿನಲ್ಲಿ ಕೂರಿಸಲಿ.