ಕೊಪ್ಪ: ಎರಡು ಅಕ್ಷರ, ನಾಲ್ಕು ಮನೆ

ನಮ್ಮೂರಿನ ಹೆಸರಿಗೆ ಎರಡೇ ಅಕ್ಷರ. ಕೊ, ಪ್ಪ. ಸ್ಲೇಟು ಹಿಡಿದ ಮಗುವೂ ಹಾಗೇ ಎಣಿಸುತ್ತದೆ. ಅದನ್ನೇ ವಿಮ್ ಎಡಿಟರಿನಲ್ಲಿ ಬರೆದು ಕರ್ಸರ್ ಸರಿಸುತ್ತ ಹೋದರೆ ಮೂರು ಕಡೆ ನಿಲ್ಲುತ್ತದೆ: ಕೊ, ಪ್, ಪ. ಆ ವಿಮ್ ಓಡುತ್ತಿರುವ ಟರ್ಮಿನಲ್ ನಾಲ್ಕು ಮನೆ ಹಿಡಿಯುತ್ತದೆ; ಕಕಾರದ ಜೊತೆಗಿರುವ ಒಕಾರದ ಚಿಹ್ನೆಗೂ ಅದರ ಲೆಕ್ಕದಲ್ಲಿ ಒಂದು ಮನೆ ಬೇಕು. ಟರ್ಮಿನಲ್ ಪರದೆ ಚದುರಂಗದ ಹಾಸಿನಂಥದ್ದು, ಒಂದು ಮನೆಗೆ ಒಂದು ಕಾಯಿ. ಇಂಗ್ಲಿಷ್ ಅಕ್ಷರಗಳು ಅಲ್ಲಿ ತೊಡಕಿಲ್ಲದೆ ಕೂರುತ್ತವೆ. ಒತ್ತು, ಗುಣಿತ ಹೊತ್ತ ನಮ್ಮ ಅಕ್ಷರ ಕೂರುವುದಿಲ್ಲ.

ಹಲವು ವರ್ಷಗಳಿಂದ ನನ್ನ ಬರವಣಿಗೆಯೆಲ್ಲ ವಿಮ್‌ನಲ್ಲೇ. ಮನೆಯ ಹೊಗೆಸೊಪ್ಪಿನ ಲೆಕ್ಕವೂ ಅದರಲ್ಲೇ: ಬ್ಯಾರನ್‌ನಲ್ಲಿ ಬೆಂದದ್ದು ಎಷ್ಟು, ಕಟ್ಟಿದ ಬೇಲ್ ಎಷ್ಟು, ಹರಾಜಿನಲ್ಲಿ ಸಿಕ್ಕ ದರ ಎಷ್ಟು. ಈ ಲೆಕ್ಕದ ಕಡತಕ್ಕೆಂದೇ ಮೂರು ಸಣ್ಣ ಪ್ಲಗಿನ್ ಬರೆದೆ. ಒಂದು ಚೆನ್ನಾಗಿ ಬಂತು, ಇನ್ನೊಂದು ಅರ್ಧ ಬಂತು, ಮೂರನೆಯದು ಸೋತಿತು. ತನ್ನ ಭಾಷೆಗೆ ಬೇಕಾದ ಸಲಕರಣೆಯನ್ನು ಒಬ್ಬನೇ ಕೂತು ಮಾಡಿಕೊಳ್ಳುವುದಕ್ಕೆ ವಿಮ್‌ನ ಪ್ಲಗಿನ್ ಪದ್ಧತಿಗಿಂತ ಒಳ್ಳೆಯ ದಾರಿ ನಾನು ಕಂಡಿಲ್ಲ. ಆದರೆ ಅಕ್ಷರ ಎಂದರೇನು ಎಂಬ ಪ್ರಶ್ನೆ ಬಂದಲ್ಲಿ ಆ ದಾರಿ ಮುಗಿಯುತ್ತದೆ.

ಒಳ್ಳೆಯದನ್ನು ಮೊದಲು ಹೇಳುತ್ತೇನೆ. ಬಿಲ್ ಜಾಯ್ 1976ರಲ್ಲಿ ಬರೆದ ವಿಐ ಎಡಿಟರಿನ ವಂಶದ ವಿಮ್ ಅನ್ನು ಬ್ರಾಮ್ ಮೂಲೆನಾರ್ 1991ರಲ್ಲಿ ಅಮಿಗಾ ಕಂಪ್ಯೂಟರಿಗಾಗಿ ಹೊರತಂದರು. ಇದರಲ್ಲಿ ಪ್ಲಗಿನ್ ಅಂದರೆ ಒಂದು ಫೋಲ್ಡರ್, ಅದರೊಳಗೆ ಬರೀ ಪಠ್ಯದ ಕಡತಗಳು. ಹಿಂದೆ ಇವನ್ನು ಜೋಡಿಸಿಕೊಳ್ಳಲು ಟಿಮ್ ಪೋಪ್ ಅವರ ಪ್ಯಾಥೋಜೆನ್, ಜುನೆಗುನ್ ಚೋಯ್ ಅವರ ವಿಮ್‌-ಪ್ಲಗ್ ಥರದ ಸಹಾಯಕರು ಬೇಕಿತ್ತು. 2016ರಲ್ಲಿ ಬಂದ ಎಂಟನೇ ಆವೃತ್ತಿಯಿಂದ ಫೋಲ್ಡರನ್ನು ಸರಿಯಾದ ಜಾಗದಲ್ಲಿ ಇಟ್ಟರೆ ಸಾಕು. ಯಾರ ಅಪ್ಪಣೆಯೂ ಬೇಡ, ಶುಲ್ಕವೂ ಇಲ್ಲ. ಗಿಟ್‌ನಲ್ಲಿ ಇಟ್ಟರೆ ಪ್ರಕಟವಾದಂತೆಯೇ.

ನನ್ನ ಮೊದಲ ಪ್ಲಗಿನ್ ಟೈಪಿಂಗಿನದು. ವಿಮ್‌ನಲ್ಲಿ ಬರೆಯುವ ಸ್ಥಿತಿ ಬೇರೆ, ಆಜ್ಞೆ ಕೊಡುವ ಸ್ಥಿತಿ ಬೇರೆ. ಕಂಪ್ಯೂಟರಿಗೆ ಕನ್ನಡ ಕೀಬೋರ್ಡ್ ಹಾಕಿಕೊಂಡವರು ಎಸ್ಕೇಪ್ ಒತ್ತಿ, ಒಂದು ಸಾಲು ಕೆಳಗಿಳಿಯಲು ಜೆ ಒತ್ತಿದರೆ ವಿಮ್‌ಗೆ ತಲುಪುವುದು ಜೆ ಅಲ್ಲ, ಜ. ಅದು ಅಲ್ಲಾಡದೆ ನಿಲ್ಲುತ್ತದೆ. ಪ್ರತಿ ಸಾಲಿಗೂ ಕೀಬೋರ್ಡ್ ಬದಲಿಸಿ ಬದಲಿಸಿ ಕೈ ಸೋಲುತ್ತದೆ. ವಿಮ್‌ನೊಳಗಿನ ಕೀಮ್ಯಾಪ್ ಸೌಲಭ್ಯ ಈ ತೊಂದರೆಯನ್ನು ಬುಡದಲ್ಲೇ ಕೀಳುತ್ತದೆ: ಬರೆಯುವಾಗ ಮಾತ್ರ ಕನ್ನಡ, ಆಜ್ಞೆ ಕೊಡುವಾಗ ತಾನಾಗಿ ಇಂಗ್ಲಿಷ್.

ವಿನ್ಯಾಸಕ್ಕೆ ನಾನು ಹುಡುಕಾಡಬೇಕಾಗಲಿಲ್ಲ. ಕೆ. ಪಿ. ರಾವ್ ರೂಪಿಸಿದ ಕೀಲಿಮಣೆ ನುಡಿ ತಂತ್ರಾಂಶದ ಮೂಲಕ ನಮ್ಮೆಲ್ಲರ ಬೆರಳಿಗೆ ಹತ್ತಿದೆ. ಅದರಲ್ಲಿ ಎಫ್ ಒತ್ತಿದರೆ ಹಿಂದಿನ ವ್ಯಂಜನ ಅರ್ಧವಾಗುತ್ತದೆ. ಕೊಪ್ಪ ಬರೆಯಲು ಕೆ, ಓ, ಪಿ, ಎಫ್, ಪಿ. ಐದು ಕೀಲಿ, ಯೂನಿಕೋಡ್‌ನಲ್ಲೂ ಐದೇ ಸಂಕೇತ. ಉಳಿದ ತೊಡಕು ಸ್ವರದ್ದು. ಓ ಕೀಲಿ ಪದದ ಮೊದಲಲ್ಲಿ ಬಂದರೆ ಒ ಆಗಬೇಕು, ವ್ಯಂಜನದ ಮುಂದೆ ಬಂದರೆ ಗುಣಿತ ಚಿಹ್ನೆಯಾಗಬೇಕು. ಸ್ವರಕ್ಕೊಂದು, ಚಿಹ್ನೆಗೊಂದು ಅಂತ ಪಟ್ಟಿ ಬರೆಯಲು ಕೂತವನು ಸಂಕೇತಗಳ ಅಂಕಿಗಳನ್ನು ನೋಡಿ ಪೆನ್ನು ಕೆಳಗಿಟ್ಟೆ. ಆ ಎಂಬ ಸ್ವರಕ್ಕೂ ಕಾ ಒಳಗಿನ ಚಿಹ್ನೆಗೂ ನಡುವಿನ ಅಂತರ 56. ಇ ತೆಗೆದುಕೊಂಡರೂ 56, ಉ ತೆಗೆದುಕೊಂಡರೂ 56, ಔ ತನಕ ಹಾಗೆಯೇ. ಹಿಂದಿನ ಅಕ್ಷರ ಕ ಮತ್ತು ಹ ನಡುವಿನದಾಗಿದ್ದರೆ 56 ಕೂಡಿಸು, ಇಲ್ಲದಿದ್ದರೆ ಹಾಗೇ ಬಿಡು. ಇಡೀ ಕಾಗುಣಿತ ಒಂದು ಸಾಲಿನಲ್ಲಿ ಮುಗಿಯಿತು. ಬಳಪ ಹಿಡಿದು ತಿದ್ದಿದ ಕಾಗುಣಿತದ ಕ್ರಮ ಯಂತ್ರದೊಳಗೆ ಇಷ್ಟು ಅಚ್ಚುಕಟ್ಟಾಗಿ ಕೂತಿರುವುದನ್ನು ಕಂಡ ಸಂತೋಷ ಇವತ್ತಿಗೂ ಹಾಗೇ ಇದೆ.

ಎರಡನೆಯ ಪ್ಲಗಿನ್ ಅಕ್ಷರವನ್ನು ಇಡಿಯಾಗಿ ಹಿಡಿಯುವುದಕ್ಕೆ. ಸ್ತ್ರೀ ಎಂಬುದರ ಮೇಲೆ ಕರ್ಸರ್ ಇಟ್ಟು ಎಕ್ಸ್ ಒತ್ತಿದರೆ ವಿಮ್ ಅಳಿಸುವುದು ಸ್ ಮಾತ್ರ, ತ್ರೀ ಉಳಿಯುತ್ತದೆ. ಡೆಲ್‌ಕಂಬೈನ್ ಎಂಬ ಆಯ್ಕೆ ಹಾಕಿಕೊಂಡರೆ ಇನ್ನೂ ಚೂರಾಗುತ್ತದೆ, ಚಿಹ್ನೆಯೊಂದೇ ಹೋಗುತ್ತದೆ. ಅರಬ್ಬಿ, ಹೀಬ್ರೂಗಳನ್ನು ಕಣ್ಣಮುಂದಿಟ್ಟು ಮಾಡಿದ ಅನುಕೂಲ ಅದು, ಅವರಿಗೆ ಸರಿಯೇ. ನಮಗೆ ಬೇಕಾದ್ದು ಅದರ ಎದುರು ದಿಕ್ಕಿನದು, ಮೂರು ವ್ಯಂಜನ, ಒಂದು ಸ್ವರ ಸೇರಿದ್ದನ್ನು ಒಂದೇ ಎಂದು ತಿಳಿಯುವುದು. ಮಾದರಿಯೊಂದನ್ನು ಬರೆದೆ: ವ್ಯಂಜನ, ಅರ್ಧಾಕ್ಷರದ ಚಿಹ್ನೆ, ಮತ್ತೆ ವ್ಯಂಜನ, ಕೊನೆಗೆ ಗುಣಿತ. ಸ್ತ್ರೀ ಸಿಕ್ಕಿತು, ಕೊಪ್ಪವೂ ಎರಡಾಯಿತು. ರ‍್ಯಾಂಕ್ ಸಿಗಲಿಲ್ಲ, ರ ಮತ್ತು ಅರ್ಧಾಕ್ಷರದ ನಡುವೆ ಕಣ್ಣಿಗೆ ಕಾಣದ ಜೋಡಕವೊಂದು ಕೂತಿತ್ತು. ಅದನ್ನೂ ಸೇರಿಸಿಕೊಂಡೆ. ಆಮೇಲೆ ವಿಮ್‌ನಲ್ಲಿ ಎಂಬ ಪದವೇ ಎದುರಾಯಿತು. ಮ್ ಮತ್ತು ನ ಅಂಟಿಕೊಳ್ಳದಂತೆ ನಾವು ನಡುವೆ ಹಾಕುವ ಕಾಣದ ತಡೆಯನ್ನು ವಿಮ್ ಕೋನದ ಗುರುತುಗಳ ನಡುವೆ 200ಸಿ ಎಂದು ಬರೆದೇ ತೋರಿಸುತ್ತದೆ, ಲೇಖನಚಿಹ್ನೆಯೆಂದು ಬಗೆದು ಪದವನ್ನು ಅಲ್ಲೇ ಮುರಿಯುತ್ತದೆ. ಮರೆಮಾಡುವ ಉಪಾಯವಿದೆ. ಆದರೆ ಇಂಗ್ಲಿಷ್‌ನಿಂದ ಬಂದ ಪದಗಳಿಗೆ ದಿನವಿಡೀ ವಿಭಕ್ತಿ ಹಚ್ಚುವ ಭಾಷೆಗೆ ಇದು ಸಣ್ಣ ಕಾಟವಲ್ಲ.

ತಪ್ಪು ವಿಮ್‌ನದೊಂದೇ ಅಲ್ಲ. 2023ರಲ್ಲಿ ಬಂದ ಯೂನಿಕೋಡ್ 15.1, ಒತ್ತಕ್ಷರವನ್ನು ನಡುವೆ ಮುರಿಯಬಾರದು ಎಂಬ ನಿಯಮವನ್ನು ಸೇರಿಸಿತು. ದೇವನಾಗರಿ, ಬಂಗಾಳಿ, ಗುಜರಾತಿ, ಒಡಿಯಾ, ತೆಲುಗು, ಮಲಯಾಳಂ ಈ ಆರು ಲಿಪಿಗಳಿಗೆ ಆ ನಿಯಮ ಅನ್ವಯಿಸಿತು. ನಮ್ಮ ಎಡಬಲದ ತೆಲುಗು, ಮಲಯಾಳಂ ಇಬ್ಬರೂ ಇದ್ದಾರೆ, ಕನ್ನಡ ಇಲ್ಲ. ಒತ್ತಕ್ಷರದ ವಿಷಯದಲ್ಲಿ ತೆಲುಗಿಗೂ ನಮಗೂ ಇರುವ ನೆಂಟಸ್ತಿಕೆ ಬಲ್ಲ ಯಾರಿಗಾದರೂ ಇದು ನೋವಾಗುತ್ತದೆ. ಇಂಥ ಕಡೆ ಒಂದು ಪ್ಲಗಿನ್ ತನ್ನ ಮಾದರಿಯನ್ನು, ರ‍್ಯಾಂಕ್‌ನಂಥ ಉದಾಹರಣೆಗಳ ಸಮೇತ, ನಾಲ್ಕು ಜನರ ಮುಂದಿಟ್ಟಿದ್ದರೆ ವಾದಕ್ಕೊಂದು ಆಧಾರವಾದರೂ ಇರುತ್ತದೆ.

ಮೂರನೆಯದರ ಕಥೆ ಚಿಕ್ಕದು. ಬೇಲ್, ಕೆಜಿ, ದರಗಳನ್ನು ಕಂಬಸಾಲಿನಲ್ಲಿ ನಿಲ್ಲಿಸಬೇಕಿತ್ತು. ಪ್ಲಗಿನ್ ಎಣಿಸುವುದು ವಿಮ್‌ನ ಮೂರು ಮನೆ, ಬಿಡಿಸುವುದು ಟರ್ಮಿನಲ್‌ನ ನಾಲ್ಕು ಮನೆ. ಊರಿನ ಕಾಲಂನಲ್ಲಿ ಕೊಪ್ಪ ಇದ್ದ ಸಾಲು ಒಂದು ಮನೆ ಆಚೆಗೆ, ಹುಣಸೂರು ಇದ್ದ ಸಾಲು ಮತ್ತೂ ಆಚೆಗೆ ಸರಿಯಿತು. ಪ್ಲಗಿನ್ ಬರೆಯುವವನ ಕೈಗೆ ಈ ಲೆಕ್ಕ ಎಟುಕುವುದೇ ಇಲ್ಲ.

ಕೊಪ್ಪದಿಂದ ಕೆಲವೇ ಕಿಲೋಮೀಟರ್ ದೂರದ ಬೈಲಕುಪ್ಪೆಯ ಟಿಬೆಟಿಯನ್ನರಿಗೆ ಈ ಕಷ್ಟ ನಮಗಿಂತ ಹೆಚ್ಚು. ಅವರ ಲಿಪಿ ಕೆಳಕ್ಕೆ ಬೆಳೆಯುತ್ತದೆ: ಸಕಾರದ ಕೆಳಗೆ ಗ, ಅದರ ಕೆಳಗೆ ರ, ಅದರಡಿಗೆ ಉಕಾರ. ವಿಮ್ ಒಂದು ಅಕ್ಷರಕ್ಕೆ ಎರಡೇ ಚಿಹ್ನೆ ತೋರಿಸುವಂತೆ ಮೊದಲೇ ಹೊಂದಿಸಿಟ್ಟಿರುತ್ತದೆ. ಮೂರನೆಯದಾದ ಉಕಾರ ಕಡತದಲ್ಲಿದ್ದರೂ ಕಾಣುವುದಿಲ್ಲ. ಆರರ ತನಕ ಏರಿಸಿಕೊಳ್ಳಬಹುದು, ಗೊತ್ತಿದ್ದವರು. ಅಲ್ಲಿನ ಸೆರಾ ಮೇ ಮಠದಲ್ಲಿ ಓದಿದ ಭಿಕ್ಷು ಗೆಶೆ ಲೋಬ್ಸಾಂಗ್ ಮೋನ್ಲಮ್ ಟಿಬೆಟಿಯನ್ ಫಾಂಟ್ ಮಾಡುವುದರಿಂದ ಶುರುಮಾಡಿ, 2022ರ ಹೊತ್ತಿಗೆ 223 ಸಂಪುಟಗಳ ನಿಘಂಟು ಹೊರತರುವ ತನಕ ಬಂದರು. ಮೊದಲು ಮಾಡಿದ ಚಿಕ್ಕದನ್ನು ತಮ್ಮ ಜನರ ಕೈಗೆ ಕೊಟ್ಟರು, ದೊಡ್ಡದು ಆಮೇಲೆ ಬಂತು. ಕನ್ನಡದಲ್ಲಿ ವಿಮ್ ಬಳಸುವ ನಾವು ಬರೆದದ್ದನ್ನು ಮನೆಯ ಫೋಲ್ಡರಿನಲ್ಲೇ ಇಟ್ಟುಕೊಳ್ಳುತ್ತೇವೆ. ನಾನೂ ಬಹಳ ದಿನ ಹಾಗೇ ಇಟ್ಟಿದ್ದೆ.

ಪ್ರಕಟಿಸಲು ಕೂತಾಗ ವಿಮ್ ಪದ್ಧತಿಯ ಅತ್ಯಂತ ಒಳ್ಳೆಯ ಗುಣ ಕಂಡಿತು. ಪ್ಲಗಿನ್ ಜೊತೆ ಸಹಾಯ ಕಡತ ಇರಬೇಕೆಂಬ ರೂಢಿ ಅಲ್ಲಿ ಗಟ್ಟಿಯಾಗಿದೆ. ಮೂಲೆನಾರ್ 2023ರ ಆಗಸ್ಟ್ 3ರಂದು ತೀರಿಕೊಂಡರು. ಅವರ ವಿಮ್ ಇವತ್ತಿಗೂ ತೆರೆದ ಕೂಡಲೇ ಉಗಾಂಡದ ಬಡಮಕ್ಕಳಿಗೆ ನೆರವಾಗಿ ಎಂದು ಕೇಳುತ್ತದೆ; ಆ ವಿವರವೂ ಒಂದು ಸಹಾಯ ಕಡತದಲ್ಲೇ ಇದೆ. ಆ ಕಡತಗಳನ್ನು ಬೇರೆ ಭಾಷೆಯಲ್ಲಿ ಬರೆಯುವ ಏರ್ಪಾಡನ್ನೂ ಅವರು ಮಾಡಿದ್ದರು: ಭಾಷೆಯ ಎರಡಕ್ಷರದ ಗುರುತಿನ ಮುಂದೆ ಎಕ್ಸ್ ಸೇರಿಸಿ ಕಡತಕ್ಕೆ ಹೆಸರಿಟ್ಟರೆ ಸಾಕು. ಕನ್ನಡಕ್ಕೆ ಅದು ಕೆಎನ್‌ಎಕ್ಸ್. ಮೂರೂ ಪ್ಲಗಿನ್‌ಗಳನ್ನು, ಸೋತದ್ದನ್ನೂ ಬಿಡದೆ, ಆ ಹೆಸರಿನ ಕಡತದಲ್ಲಿ ಕನ್ನಡದಲ್ಲೇ ವಿವರಿಸಿ ಹೊರಗಿಟ್ಟಿದ್ದೇನೆ. ಹೆಲ್ಪ್ ಎಂದು ಬರೆದು ಮುಂದೆ ಒತ್ತಕ್ಷರ ಎಂದು ಟೈಪಿಸಿದರೆ ಪುಟ ತೆರೆಯುತ್ತದೆ. ಅದರ ಮೊದಲ ಉದಾಹರಣೆ ಕೊಪ್ಪ.